ತಕ್ಕಡಿ ಹಿಡಿದವರ ಕರ್ತವ್ಯ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರಿದ್ದಾರೆ, ಶಿಕ್ಷಕರಾದವರಿದ್ದಾರೆ, ಒಕ್ಕಲುತನ ಮಾಡಿಕೊಂಡು ನೆಮ್ಮದಿಯಿಂದಿರುವವರಿದ್ದಾರೆ. ಈಚಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಇನ್ನೊಂದು ಗುಂಪು ಈ ಬಳಗಕ್ಕೆ ಸೇರಿಕೊಂಡಿದೆ. ಎಂ.ಬಿ.ಎ. ಇಲ್ಲವೇ ಎಂ.ಎಸ್.ಡಬ್ಲ್ಯೂ. ಓದಿ, ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಯಾವುದಾದರೊಂದು ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗದಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಎಚ್.ಆರ್. ವಿಭಾಗದಲ್ಲಿ, ಕೆಲಸ ಮಾಡುತ್ತಿರುವವರ ಗುಂಪು ಅದು. ಅವರಲ್ಲಿ ಯಾರನ್ನು ಕೇಳಿದರೂ ತಮ್ಮ ಕೆಲಸದ ವಿವರವನ್ನು ಉತ್ಸಾಹದಿಂದ ಹೇಳುತ್ತಾರೆ. ಸಂದರ್ಶನ ನಡೆಸುವುದು, ಹೊಸಬರಿಗೆ ತರಬೇತಿ ಕೊಡಿಸುವುದು, ರಜೆಯ ಲೆಕ್ಕ ಇಡುವುದು, ಸಂಬಳದ ಪಟ್ಟಿ ತಯಾರಿಸುವುದು, ಹಬ್ಬದ ದಿನ ರಂಗೋಲಿ ಸ್ಪರ್ಧೆ ಏರ್ಪಡಿಸುವುದು, ಬಿಟ್ಟುಹೋಗುವವರ ಕಾಗದಪತ್ರ ಮುಗಿಸುವುದು. ಆದರೆ "ಸಂಸ್ಥೆಯೊಳಗೆ ಕಾರ್ಮಿಕ ಕಾನೂನು ನಡೆಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ" ಎಂದು ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ. ಕಾನೂನಿನ ಮಾತೆತ್ತಿದರೆ ಅದು ವಕೀಲರಿಗೆ ಬಿಟ್ಟದ್ದು ಎನ್ನುತ್ತಾರೆ. ಇಲ್ಲವೇ ಅದಕ್ಕೊಬ್ಬ ಕನ್ಸಲ್ಟೆಂಟ್ ಇದ್ದಾನೆ ಎನ್ನುತ್ತಾರೆ.

ಈ ಉತ್ತರವನ್ನು ನಾನು ಒಪ್ಪಲಾರೆ. ಕಾರ್ಮಿಕ ಕಾನೂನನ್ನು ಕಾಪಾಡುವುದು ಎಚ್.ಆರ್. ಅಧಿಕಾರಿಯ ಹಲವು ಕೆಲಸಗಳಲ್ಲಿ ಒಂದಲ್ಲ, ಅದೇ ಮೊದಲನೆಯ ಕೆಲಸ. ಉಳಿದವು ಅದರ ನಂತರದವು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇದು ಮೇಷ್ಟ್ರ ಹಳೆಯ ಕಾಲದ ಆದರ್ಶವೆಂದು ನಗುವವರು ದಯವಿಟ್ಟು ತಮ್ಮ ಹುದ್ದೆಯ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಬೇಕು.

ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ನಮ್ಮ ದೇಶದ ಬಟ್ಟೆ ಗಿರಣಿಗಳಲ್ಲಿ ಕೂಲಿಕಾರರನ್ನು ನೇಮಿಸುತ್ತಿದ್ದವನು ಮಾಲೀಕನಲ್ಲ, ಜಾಬರ್ ಎಂಬ ಮಧ್ಯವರ್ತಿ. ನಮ್ಮ ಭಾಗದಲ್ಲಿ ಅಂಥವನನ್ನು ಮುಕಾದಮ ಎನ್ನುತ್ತೇವೆ. ಹಳ್ಳಿಯಿಂದ ಜನರನ್ನು ಕರೆತರುವವನು ಅವನೇ, ಕೆಲಸಕ್ಕೆ ಹಚ್ಚುವವನು ಅವನೇ, ಬಿಡಿಸುವವನೂ ಅವನೇ. ಕೂಲಿಯಲ್ಲಿ ಅವನ ಪಾಲು ಇರುತ್ತಿತ್ತು. ಅವನಿಗೆ ದಸ್ತೂರಿ ಕೊಡದವನಿಗೆ ಕೆಲಸವಿರುತ್ತಿರಲಿಲ್ಲ. 1929ರಲ್ಲಿ ಜೆ.ಎಚ್. ವಿಟ್ಲಿ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಭಾರತದ ಕಾರ್ಮಿಕರನ್ನು ಕುರಿತ ರಾಯಲ್ ಆಯೋಗವು 1931ರಲ್ಲಿ ವರದಿ ಕೊಟ್ಟಿತು. ಜಾಬರನ ಕೈಯಿಂದ ನೇಮಕದ ಅಧಿಕಾರವನ್ನು ಕಿತ್ತುಕೊಂಡು, ಕಾರ್ಖಾನೆಗಳಲ್ಲಿ ಲೇಬರ್ ಆಫೀಸರ್ ಎಂಬ ಅಧಿಕಾರಿಯನ್ನು ನೇಮಿಸಬೇಕೆಂದು ಅದು ಶಿಫಾರಸು ಮಾಡಿತು. ಇಂದಿನ ಎಚ್.ಆರ್. ಅಧಿಕಾರಿಯ ಮೂಲಪುರುಷ ಈ ಲೇಬರ್ ಆಫೀಸರ್. ಅವನು ಹುಟ್ಟಿದ್ದು ಮುಕಾದಮನನ್ನು ತೆಗೆಯಲಿಕ್ಕೆ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಈ ಮಾತಿಗೆ ಮತ್ತೆ ಬರುತ್ತೇನೆ.

ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆಗಳ ಕಾಯಿದೆಯ 49ನೆಯ ಪ್ರಕರಣವು 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಪ್ರತಿಯೊಂದು ಕಾರ್ಖಾನೆಯಲ್ಲೂ ಕಲ್ಯಾಣಾಧಿಕಾರಿಗಳು ಇರಲೇಬೇಕೆಂದು ವಿಧಿಸಿತು. ಸಂಬಳ ಮಾಲೀಕನದು, ಹುದ್ದೆ ಕಾನೂನಿನದು. ಈ ಸೂಕ್ಷ್ಮವನ್ನು ಅಂದಿನ ಸರಕಾರಗಳು ಚೆನ್ನಾಗಿ ಅರಿತಿದ್ದವು. ಪಂಜಾಬಿನ 1952ರ ನಿಯಮಗಳಂತೂ ಕಾರ್ಮಿಕ ಆಯುಕ್ತರ ಸಮ್ಮತಿಯಿಲ್ಲದೆ ಕಲ್ಯಾಣಾಧಿಕಾರಿಯನ್ನು ಮಾಲೀಕನು ವಜಾ ಮಾಡಬಾರದೆಂದು ಹೇಳಿದ್ದವು. ನಮ್ಮ ಜಿಲ್ಲೆಯ ವಾಡಿ, ಶಹಾಬಾದಿನವರಿಗೆಲ್ಲ ಎ.ಸಿ.ಸಿ. ಎಂಬ ಸಿಮೆಂಟ್ ಕಂಪನಿಯ ಹೆಸರು ಗೊತ್ತು. ಅದೇ ಕಂಪನಿಯ ಪಂಜಾಬಿನ ಕಾರ್ಖಾನೆಯೊಂದರ ಕಲ್ಯಾಣಾಧಿಕಾರಿಯ ಕೆಲಸ ಹೋದಾಗ ಅವರು ಸರಕಾರಕ್ಕೆ ಮೇಲ್ಮನವಿ ಸಲ್ಲಿಸಿದರು. ಸರಕಾರವು ಅವರನ್ನು ಮರಳಿ ತೆಗೆದುಕೊಳ್ಳಬೇಕೆಂದು ಆದೇಶಿಸಿತು. ಆ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಅಂಥ ಮೇಲ್ಮನವಿಯನ್ನು ತೀರ್ಮಾನಿಸುವ ಸರಕಾರವು ಒಂದು ನ್ಯಾಯಮಂಡಳಿಯೇ ಸರಿ ಎಂಬ ತೀರ್ಪು 1960ರ ದಶಕದಲ್ಲಿ ಬಂದಿತು. ಕಾನೂನಿನ ವಿದ್ಯಾರ್ಥಿಗಳು ಅದನ್ನು ಇಂದಿಗೂ ಓದುತ್ತಾರೆ. ಒಬ್ಬ ಅಧಿಕಾರಿಯ ನೌಕರಿಗೆ ಇಷ್ಟೊಂದು ರಕ್ಷಣೆ ಏಕೆ? ಮಾಲೀಕನಿಗೆ ಹಿತವಲ್ಲದ ಮಾತನ್ನು ಆತ ಹೇಳಬೇಕಾಗುತ್ತದೆ ಎಂಬುದಕ್ಕೇ ಅಲ್ಲವೇ?

ಕಾಲಕ್ರಮದಲ್ಲಿ ಲೇಬರ್ ಆಫೀಸರ್ ಹೋಗಿ ಪರ್ಸೊನೆಲ್ ಮ್ಯಾನೇಜರ್ ಬಂದ. ಅವನೂ ಹೋಗಿ ಎಚ್.ಆರ್. ಬಂದ. ಹೆಸರು ಬದಲಾದಂತೆ ಮನುಷ್ಯನೂ ಬದಲಾದನೋ ಏನೋ. ಕಲ್ಲಿದ್ದಲು, ನೀರು, ಸುಣ್ಣದಕಲ್ಲು ಇವು ಸಂಪನ್ಮೂಲಗಳು. ಮನುಷ್ಯರನ್ನೂ ಅದೇ ಪಟ್ಟಿಗೆ ಸೇರಿಸಿದ ಮೇಲೆ, ಎಷ್ಟು ಅಗ್ಗವಾಗಿ ತರಬಹುದು ಎಂಬ ಪ್ರಶ್ನೆಯೇ ಮುಂದಾಗಿ, ಏನು ಸಲ್ಲಬೇಕು ಎಂಬ ಪ್ರಶ್ನೆ ಹಿಂದಾಗುವುದು ಸಹಜ.

ನಾನು ಇದನ್ನೆಲ್ಲ ಪುಸ್ತಕ ಓದಿ ಬರೆಯುತ್ತಿಲ್ಲ. ಕಮಲಾಪುರದ ಪ್ರೌಢಶಾಲೆಯಲ್ಲಿ ನನ್ನ ಬಳಿ ಓದಿದ ಇಬ್ಬರ ವಿಷಯ ಹೇಳುತ್ತೇನೆ. ಇಬ್ಬರ ಹೆಸರೂ ಬೇಡ, ಅವರು ಕೆಲಸ ಮಾಡಿದ ಸಂಸ್ಥೆಯ ಹೆಸರೂ ಬೇಡ. ಒಬ್ಬಳು ಹತ್ತನೆಯ ತರಗತಿ ಮುಗಿಸಿ ಮದುವೆಯಾಗಿ, ಗಂಡನ ಕಾಯಿಲೆಯಿಂದಾಗಿ ಮನೆಯ ಭಾರ ಹೊತ್ತು, ಕಲಬುರಗಿಯ ಒಂದು ಸಂಸ್ಥೆಯಲ್ಲಿ ಕಸಗುಡಿಸುವ ಕೆಲಸಕ್ಕೆ ಸೇರಿದಳು. ಮುಂಜಾನೆ ಐದೂವರೆಗೆ ಕಮಲಾಪುರದ ನಿಲ್ದಾಣಕ್ಕೆ ಬಂದು, ಹುಮನಾಬಾದ್ ಕಡೆಯಿಂದ ಬರುವ ಬಸ್ಸು ಹಿಡಿದು, ಏಳಕ್ಕೆ ಹಾಜರಿ ಹಾಕುವುದು ಅವಳ ದಿನಚರಿ. ಇನ್ನೊಬ್ಬನು ಅವಳಿಗಿಂತ ಮೂರು ವರ್ಷ ಚಿಕ್ಕವನು. ಕಷ್ಟಪಟ್ಟು ಓದಿ, ಅದೇ ಸಂಸ್ಥೆಯ ಎಚ್.ಆರ್. ವಿಭಾಗದಲ್ಲಿ ಅಧಿಕಾರಿಯಾದವನು.

ಆ ಹೆಣ್ಣುಮಗಳು ಏಳು ವರ್ಷ ಅಲ್ಲಿ ದುಡಿದಳು. ಆ ಅವಧಿಯಲ್ಲಿ ಅವಳ "ಮಾಲೀಕ"ನ ಹೆಸರು ಮೂರು ಬಾರಿ ಬದಲಾಯಿತು. ಮೊದಲು ಒಂದು ಏಜೆನ್ಸಿ, ನಂತರ ಇನ್ನೊಂದು, ಆಮೇಲೆ ಮತ್ತೊಂದು. ಅವಳ ಕಸಬರಿಗೆ ಬದಲಾಗಲಿಲ್ಲ, ಅವಳು ಒರೆಸುವ ನೆಲ ಬದಲಾಗಲಿಲ್ಲ, ಅವಳಿಗೆ ಕೆಲಸ ಹೇಳುವ ಸೂಪರ್ವೈಜರ್ ಕೂಡ ಬದಲಾಗಲಿಲ್ಲ. ಆದರೆ ಪ್ರತಿ ಸಲವೂ ಕಾಗದದ ಮೇಲೆ ಅವಳು ಹೊಸಬಳಾದಳು. ಗ್ರಾಚ್ಯುಟಿಗೆ ಬೇಕಾದ ಐದು ವರ್ಷದ ಸತತ ಸೇವೆ ಅವಳಿಗೆ ಎಂದೂ ತುಂಬಲಿಲ್ಲ. 2022ರಲ್ಲಿ ಮಗಳ ಮದುವೆಗೆಂದು ಭವಿಷ್ಯ ನಿಧಿಯಿಂದ ಸ್ವಲ್ಪ ಹಣ ತೆಗೆಯಲು ಹೋದಾಗ, ಹದಿನಾಲ್ಕು ತಿಂಗಳ ವಂತಿಗೆ ಪಾಸ್‌ಬುಕ್ಕಿನಲ್ಲಿ ಇಲ್ಲವೇ ಇಲ್ಲ ಎಂಬುದು ತಿಳಿಯಿತು. ಸಂಬಳದ ಚೀಟಿಯಲ್ಲಿ ಮಾತ್ರ ಪ್ರತಿ ತಿಂಗಳೂ ಶೇಕಡಾ 12 ಕಡಿತವಾಗಿತ್ತು. ಅವಳು ಚೀಟಿಗಳನ್ನೆಲ್ಲ ಒಂದು ಸೀರೆಯ ಡಬ್ಬಿಯಲ್ಲಿ ಜೋಪಾನ ಮಾಡಿದ್ದಳು; ಅದನ್ನು ತೆಗೆದುಕೊಂಡು ನನ್ನ ಮನೆಗೆ ಬಂದಳು.

ನಾನು ಆ ಹುಡುಗನಿಗೆ ಫೋನ್ ಮಾಡಿದೆ. ಅವನು ಗೌರವದಿಂದಲೇ ಮಾತಾಡಿದ. "ಸರ್, ಆಕಿ ನಮ್ಮ ರೋಲ್ ಮ್ಯಾಲ ಇಲ್ರಿ. ಏಜೆನ್ಸಿದವ್ರು ಅದಾರಲ್ರಿ, ಅವ್ರಿಗೇ ಕೇಳಬೇಕ್ರಿ" ಎಂದ.

ನಮ್ಮ ರೋಲ್ ಮೇಲೆ ಇಲ್ಲ! ಈ ನಾಲ್ಕು ಶಬ್ದಗಳ ಮೇಲೆ ಇಂದು ಎಷ್ಟೊಂದು ಕಟ್ಟಡಗಳು ನಿಂತಿವೆ! ಮುಕಾದಮನನ್ನು ತೆಗೆಯಲು ಹುಟ್ಟಿದ ಹುದ್ದೆಯೇ ಏಜೆನ್ಸಿ ಎಂಬ ಹೊಸ ಹೆಸರಿನಲ್ಲಿ ಮುಕಾದಮನನ್ನು ಮರಳಿ ಕರೆತಂದು, ಕುರ್ಚಿ ಹಾಕಿ ಕೂರಿಸಿದೆ.

ಕಾನೂನು ಏನು ಹೇಳುತ್ತಿತ್ತು? 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯ ಪ್ರಕಾರ ಗುತ್ತಿಗೆದಾರನು ಕೂಲಿ ಕೊಡದಿದ್ದರೆ, ಅಥವಾ ಕಡಿಮೆ ಕೊಟ್ಟರೆ, ಮೂಲ ಮಾಲೀಕನು, ಎಂದರೆ ಯಾರ ಸ್ಥಳದಲ್ಲಿ ಕೆಲಸ ನಡೆಯುತ್ತದೆಯೋ ಅವನು, ಅದನ್ನು ಪೂರ್ತಿಯಾಗಿ ಕೊಟ್ಟು, ನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕಿತ್ತು. ಅಷ್ಟೇ ಅಲ್ಲ, ಕೂಲಿ ಹಂಚುವಾಗ ಮೂಲ ಮಾಲೀಕನ ಪ್ರತಿನಿಧಿಯೊಬ್ಬ ಖುದ್ದಾಗಿ ಹಾಜರಿದ್ದು, ಕೊಟ್ಟ ಮೊತ್ತ ಸರಿಯೆಂದು ದೃಢೀಕರಿಸಬೇಕೆಂದೂ ಆ ಕಾಯಿದೆ ಹೇಳಿತ್ತು. ಭವಿಷ್ಯ ನಿಧಿಯ ವಿಷಯದಲ್ಲೂ ಅಷ್ಟೇ. ಗುತ್ತಿಗೆದಾರನ ಮೂಲಕ ಬಂದ ಕೆಲಸಗಾರರ ವಂತಿಗೆಯನ್ನು ಕಟ್ಟುವ ಅಂತಿಮ ಹೊಣೆ ಮೂಲ ಮಾಲೀಕನದೇ. ಇನ್ನು ಕೆಲಸಗಾರನ ಸಂಬಳದಿಂದ ವಂತಿಗೆ ಮುರಿದುಕೊಂಡು ನಿಧಿಗೆ ಕಟ್ಟದಿರುವುದನ್ನು ನಮ್ಮ ದಂಡಸಂಹಿತೆ ನಂಬಿಕೆದ್ರೋಹದ ಅಪರಾಧವೆಂದೇ ಎಣಿಸುತ್ತದೆ. ಭಾರತೀಯ ದಂಡಸಂಹಿತೆಯಲ್ಲಿ ಇದ್ದ ಈ ವಿವರಣೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ.

ನಾನು ಆ ಹುಡುಗನಿಗೆ ಇದಿಷ್ಟನ್ನೂ ಒಂದು ಕಾಗದದಲ್ಲಿ ಬರೆದು ಕಳಿಸಿದೆ. ಮುಂದೆ ಅವನು ಮಾಡಿದ್ದು ಒಂದೇ ಕೆಲಸ. ಹದಿನಾಲ್ಕು ತಿಂಗಳ ಭವಿಷ್ಯ ನಿಧಿಯ ಚಲನುಗಳನ್ನು ಹಾಜರುಪಡಿಸುವವರೆಗೆ ಏಜೆನ್ಸಿಯ ಬಿಲ್ಲನ್ನು ತಡೆಹಿಡಿಯಬೇಕೆಂದು ಲೆಕ್ಕಪತ್ರ ವಿಭಾಗಕ್ಕೆ ಒಂದು ಟಿಪ್ಪಣಿ ಬರೆದ. ಆರು ವಾರಗಳಲ್ಲಿ ವಂತಿಗೆ ಜಮಾ ಆಯಿತು. ಅವಳದ್ದು ಮಾತ್ರವಲ್ಲ, ಅವಳ ಜೊತೆಗಿದ್ದ ಮೂವತ್ತೊಂದು ಜನರದ್ದೂ. ಗ್ರಾಚ್ಯುಟಿಯ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ, ಅದು ಬೇರೆ ಮಾತು. ನಾನು ಹೇಳಹೊರಟದ್ದು ಇಷ್ಟೇ: ಆ ಒಂದು ಪುಟದ ಟಿಪ್ಪಣಿಯನ್ನು ಬರೆಯುವ ಅಧಿಕಾರ ಹದಿನಾಲ್ಕು ತಿಂಗಳೂ ಅವನ ಮೇಜಿನ ಮೇಲೇ ಇತ್ತು. ವಕೀಲ ಬೇಕಾಗಲಿಲ್ಲ, ಸಂಪು ಬೇಕಾಗಲಿಲ್ಲ, ಮಂತ್ರಿಯ ಶಿಫಾರಸು ಬೇಕಾಗಲಿಲ್ಲ.

ಇದು ನಮ್ಮ ಊರಿನ ಒಂದು ಸಣ್ಣ ಸಂಗತಿಯಾಯಿತು. ರಾಜ್ಯದ ಮಟ್ಟದಲ್ಲಿ ನಡೆದದ್ದನ್ನು ನೋಡಿ. ಕರ್ನಾಟಕದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿದ್ದಾರೆ, ಬಹುಪಾಲು ಹೆಣ್ಣುಮಕ್ಕಳು. 2020ರ ಏಪ್ರಿಲ್‌ನಿಂದ ಅವರ ಕನಿಷ್ಠ ವೇತನಕ್ಕೆ ಸೇರಬೇಕಾಗಿದ್ದ ತುಟ್ಟಿಭತ್ಯೆಯ ಹೆಚ್ಚಳ ತಿಂಗಳಿಗೆ 417 ರೂಪಾಯಿ. ಸರಕಾರ ಅದನ್ನು ಮುಂದೂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಕೊಡಲೇಬೇಕೆಂದು ಹೇಳಿತು. ಆದರೂ ಬಹಳಷ್ಟು ಕಾರ್ಖಾನೆಗಳು ವರ್ಷಕ್ಕೂ ಮಿಕ್ಕಿ ಕೊಡಲಿಲ್ಲ. ಕಾರ್ಮಿಕ ಸಂಘಟನೆಗಳು ಕೂಗಿ, ವಿದೇಶದ ಪತ್ರಿಕೆಗಳಲ್ಲಿ ಸುದ್ದಿಯಾಗಿ, ಬಟ್ಟೆ ಕೊಳ್ಳುವ ಬ್ರಾಂಡುಗಳು ಒತ್ತಡ ಹಾಕಿದ ಮೇಲೆಯೇ ದೊಡ್ಡ ಕಂಪನಿಗಳು ಬಾಕಿ ತೀರಿಸಲು ಒಪ್ಪಿದವು. ಆ ಕಾರ್ಖಾನೆಗಳಲ್ಲೆಲ್ಲ ಎಚ್.ಆರ್. ವಿಭಾಗಗಳಿದ್ದವು. ನ್ಯಾಯಾಲಯದ ಆದೇಶವನ್ನು ಓದಬಲ್ಲ ಪದವೀಧರರು ಅಲ್ಲಿದ್ದರು. ಪ್ರತಿ ತಿಂಗಳೂ ಸಂಬಳದ ಪಟ್ಟಿಯಲ್ಲಿ 417 ರೂಪಾಯಿ ಕಡಿಮೆ ಬರೆದವರು ಅವರೇ.

ಇನ್ನೊಂದು ಉದಾಹರಣೆ ನಿಮಗೆಲ್ಲ ನೆನಪಿದ್ದೀತು. 2020ರ ಡಿಸೆಂಬರ್ 12ರ ಬೆಳಗಿನ ಜಾವ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ವಾಹನಗಳಿಗೆ ಹಾನಿ ಮಾಡಿದರು. ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಹಿಂಸೆಯನ್ನು ನಾನು ಸಮರ್ಥಿಸುವುದಿಲ್ಲ. ಕಲ್ಲೆಸೆದ ಹುಡುಗರ ಬದುಕೇ ಅದರಿಂದ ಹಾಳಾಯಿತು. ಆದರೆ ಕೋಪದ ಮೂಲ ಯಾವುದು? ಕಾರ್ಖಾನೆಗಳ ಇಲಾಖೆಯ ತನಿಖೆಯ ಪ್ರಕಾರ, ಕೆಲವೇ ತಿಂಗಳುಗಳಲ್ಲಿ ಕೆಲಸಗಾರರ ಸಂಖ್ಯೆ ಐದು ಸಾವಿರದಿಂದ ಹತ್ತು ಸಾವಿರ ದಾಟಿತ್ತು. ಅವರಲ್ಲಿ ಬಹುಪಾಲು ಜನ ಗುತ್ತಿಗೆಯವರು. ಪಾಳಿ ಹನ್ನೆರಡು ಗಂಟೆಗೆ ಏರಿತ್ತು. ಹಾಜರಿಯ ಯಂತ್ರ ಕೆಟ್ಟಿತ್ತು. ಹೆಚ್ಚುವರಿ ದುಡಿಮೆಯ ಲೆಕ್ಕ ತಪ್ಪಿತ್ತು. ಆ ವರದಿಯಲ್ಲಿ ನನ್ನ ಗಮನ ಸೆಳೆದ ಅಂಶ ಇನ್ನೊಂದು. ಕಾರ್ಮಿಕ ಕಾನೂನುಗಳ ಸರಿಯಾದ ತಿಳಿವಳಿಕೆಯುಳ್ಳವರನ್ನಿಟ್ಟು ಮಾನವ ಸಂಪನ್ಮೂಲ ವಿಭಾಗವನ್ನು ಅಲ್ಲಿ ಸಮರ್ಪಕವಾಗಿ ಕಟ್ಟಿರಲಿಲ್ಲ ಎಂದು ಅದು ಹೇಳಿತು. ಒಂದು ವಾರದ ನಂತರ ಆಪಲ್ ಕಂಪನಿಯೂ, ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ ಕೆಲವು ಕೆಲಸಗಾರರಿಗೆ ಸಂಬಳ ತಡವಾದದ್ದನ್ನು ಒಪ್ಪಿ, ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ವಿಸ್ಟ್ರಾನ್ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಹೆಸರು ಹೇಳದೆಯೇ ದೂರು ಕೊಡಬಹುದಾದ ದೂರವಾಣಿಯನ್ನು ಇಟ್ಟಿತು. ಕನ್ನಡದಲ್ಲಿ ಅಹವಾಲು ಕೇಳುವ ವ್ಯವಸ್ಥೆ ಕರ್ನಾಟಕದ ನೆಲದಲ್ಲಿ ಗಾಜು ಒಡೆದ ಮೇಲೆ ಬಂತು! ಮೊದಲೇ ಬಂದಿದ್ದರೆ ಎಷ್ಟು ಖರ್ಚಾಗುತ್ತಿತ್ತು?

ಇನ್ನು, ನನ್ನ ವಾದಕ್ಕೆ ನನ್ನ ವಿದ್ಯಾರ್ಥಿಗಳೇ ಎತ್ತುವ ಆಕ್ಷೇಪಗಳಿಗೆ ಬರುತ್ತೇನೆ.

ಮೊದಲನೆಯದು, "ಸಂಬಳ ಕೊಡುವವರು ಮಾಲೀಕರು, ಅವರ ವಿರುದ್ಧ ನಾವು ಹೇಗೆ ನಿಲ್ಲುವುದು" ಎಂಬುದು. ಕಲಬುರಗಿಯ ನೆಹರೂ ಗಂಜಿಗೆ ತೊಗರಿಯ ಕಾಲದಲ್ಲಿ ಹೋದವರಿಗೆ ತೂಕ ಮಾಡುವವನು ಗೊತ್ತು. ರೈತನ ಚೀಲ ಒಂದು ಕಡೆ, ಅಡತಿ ಅಂಗಡಿ ಇನ್ನೊಂದು ಕಡೆ, ನಡುವೆ ಅವನು. ಅವನು ದಿನವಿಡೀ ನಿಲ್ಲುವುದು ಅಡತಿಯವನ ಅಂಗಳದಲ್ಲೇ. ಆದರೂ ಅವನ ಕೈಯಲ್ಲಿರುವುದು ಮಾರುಕಟ್ಟೆ ಸಮಿತಿಯ ಲೈಸೆನ್ಸು. ಅವನು ಅಡತಿಯವನನ್ನು ಎದುರು ಹಾಕಿಕೊಳ್ಳಬೇಕಿಲ್ಲ, ರೈತನ ಪರವಾಗಿ ಭಾಷಣ ಮಾಡಬೇಕಿಲ್ಲ. ಕಾಟಾ ತೋರಿಸಿದ್ದನ್ನು ಬರೆದರೆ ಸಾಕು. ಎಚ್.ಆರ್. ಅಧಿಕಾರಿಯಿಂದ ನಾನು ಬೇಡುವುದೂ ಇಷ್ಟನ್ನೇ. ಕಾರ್ಮಿಕ ಮುಖಂಡನಾಗು ಎಂದು ಯಾರೂ ಕೇಳುತ್ತಿಲ್ಲ. ಲೆಕ್ಕಿಗನಿಗೂ ಸಂಬಳ ಕೊಡುವವನು ಮಾಲೀಕನೇ; ಹಾಗೆಂದು ಅವನು ಸುಳ್ಳು ಲೆಕ್ಕ ಬರೆದರೆ ಒಪ್ಪುತ್ತೇವೆಯೇ? ಎಂಜಿನಿಯರನಿಗೂ ಮಾಲೀಕನೇ ಸಂಬಳ ಕೊಡುತ್ತಾನೆ. ಬಿರುಕು ಬಿಟ್ಟ ಬಾಯ್ಲರ್ ಸರಿಯಿದೆಯೆಂದು ಅವನು ಸಹಿ ಹಾಕಬಹುದೇ? ಎಚ್.ಆರ್. ಒಬ್ಬನಿಗೆ ಮಾತ್ರ ಈ ವಿನಾಯಿತಿ ಏಕೆ?

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು: "ನಮ್ಮದು ಹಿಂದುಳಿದ ಭಾಗ ಸರ್. ಇಲ್ಲಿ ಕಾನೂನು ಬಿಗಿ ಮಾಡಿದರೆ ಬರುವ ಉದ್ಯಮಗಳೂ ಬರುವುದಿಲ್ಲ." ಕಲಬುರಗಿಯಲ್ಲಿ ಹುಟ್ಟಿ ಬೆಳೆದವನಿಗೆ ಈ ಮಾತಿನ ನೋವು ತಿಳಿಯದೆ ಇಲ್ಲ. ಎಂ.ಎಸ್.ಕೆ. ಮಿಲ್ ಎಂಬುದು ಇಂದು ನಮ್ಮ ನಗರದಲ್ಲಿ ಒಂದು ಬಡಾವಣೆಯ ಹೆಸರು. ಬಟ್ಟೆ ನೇಯುತ್ತಿದ್ದ ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು. ಸಂವಿಧಾನದ 371(ಜೆ) ವಿಧಿ ನಮ್ಮ ಮಕ್ಕಳಿಗೆ ಸರಕಾರಿ ಹುದ್ದೆಗಳಲ್ಲಿ ಮೀಸಲಾತಿ ತಂದಿತು, ನಿಜ. ಆದರೆ ಏಜೆನ್ಸಿಯ ಮೂಲಕ ತುಂಬುವ ಕೆಲಸಕ್ಕೆ ಆ ಬಲವಿಲ್ಲ. ಕೆಲಸದ ಹಸಿವು ಇಲ್ಲಿ ಇದೆ ಎಂಬುದೇ ಕಾನೂನು ಇಲ್ಲಿ ಹೆಚ್ಚು ಬೇಕು ಎಂಬುದಕ್ಕೆ ಕಾರಣ. ಹೊಟ್ಟೆ ತುಂಬಿದವನು ಬೇಡವಾದ ಕೆಲಸವನ್ನು ಬಿಟ್ಟು ಬರಬಲ್ಲ. ಹಸಿದವನಿಗೆ ಕಾನೂನೊಂದೇ ಆಸರೆ. ಕಮಲಾಪುರದ ಕೆಂಪು ಬಾಳೆ ನಮ್ಮಲ್ಲಿ ಮಾತ್ರ ಆ ರುಚಿಗೆ ಬೆಳೆಯುತ್ತದೆಂದು ಕೊಳ್ಳುವವರು ಹೆಚ್ಚು ಬೆಲೆ ಕೊಡುತ್ತಾರೆ. ಬಾಳೆಗೆ ಬೆಲೆ ಕೇಳುವ ಊರು ತನ್ನ ಮಕ್ಕಳ ದುಡಿಮೆಯನ್ನು ಸೋವಿಗೆ ಮಾರಬೇಕೆ?

ಮೂರನೆಯದು, "ಎದುರು ಮಾತಾಡಿದರೆ ನಮ್ಮ ಕೆಲಸವೇ ಹೋಗುತ್ತದೆ" ಎಂಬ ಭಯ. ಇದನ್ನು ನಾನು ಹಗುರವಾಗಿ ಕಾಣಲಾರೆ. ನಿಮಗೂ ಮನೆಯ ಸಾಲವಿದೆ, ಮಕ್ಕಳ ಶಾಲೆಯ ಫೀಜು ಇದೆ. ಪಂಜಾಬಿನ ಆ ಕಲ್ಯಾಣಾಧಿಕಾರಿಗೆ ಇದ್ದ ರಕ್ಷಣೆ ಇಂದಿನ ಖಾಸಗಿ ಎಚ್.ಆರ್. ನೌಕರನಿಗೆ ಇಲ್ಲ. ಅಂಥ ರಕ್ಷಣೆ ಬೇಕೆಂದು ನೀವೇ ಒಟ್ಟಾಗಿ ಕೇಳಬೇಕು. ಕೇಳಿದರೆ ನಾನೂ ನಿಮ್ಮ ಹಿಂದೆ ನಿಲ್ಲುತ್ತೇನೆ. ಅಲ್ಲಿಯವರೆಗೆ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ. ಬಾಯಲ್ಲಿ ಹೇಳಿದ ಎಚ್ಚರಿಕೆಯನ್ನು ಮೇಲಿನವರು ಮರೆಯುತ್ತಾರೆ. ಕಡತದಲ್ಲಿ ದಿನಾಂಕ ಹಾಕಿ ಬರೆದ ಟಿಪ್ಪಣಿಯನ್ನು ಮರೆಯಲಾರರು. ನಾಳೆ ತನಿಖೆ ನಡೆದಾಗ ಆ ಟಿಪ್ಪಣಿಯೇ ನಿಮ್ಮನ್ನೂ ಉಳಿಸುತ್ತದೆ.

ಈ ಮಾತನ್ನು ಈಗಲೇ ಏಕೆ ಹೇಳಬೇಕಾಯಿತೆಂದರೆ, ಕಾಲ ಬದಲಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 29 ಹಳೆಯ ಕೇಂದ್ರ ಕಾನೂನುಗಳ ಜಾಗದಲ್ಲಿ ನಿಂತಿವೆ. ಅವುಗಳಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕ ಪತ್ರ ಕೊಡಬೇಕು. ತಿಂಗಳ ಸಂಬಳ ಮರುತಿಂಗಳ ಏಳನೆಯ ತಾರೀಖಿನೊಳಗೆ ಬರಬೇಕು. ಕೆಲಸ ಬಿಟ್ಟವನ ಅಥವಾ ಬಿಡಿಸಿದವನ ಬಾಕಿ ಎರಡು ಕೆಲಸದ ದಿನಗಳೊಳಗೆ ಚುಕ್ತಾ ಆಗಬೇಕು. ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ಬರುತ್ತದೆ. 20 ಜನರಿರುವಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಕಲ್ಯಾಣಾಧಿಕಾರಿ ಇರಬೇಕಾದ ಕಾರ್ಖಾನೆಯ ಮಿತಿ 500ರಿಂದ 250ಕ್ಕೆ ಇಳಿದಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ನಿಯಮ ಉಳಿದಿದೆ. ಇವೆಲ್ಲ ಒಳ್ಳೆಯವು. ಮತ್ತೊಂದು ಕಡೆ, ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯಿಸುವ ಮಿತಿ 20ರಿಂದ 50ಕ್ಕೂ, ಸ್ಥಾಯೀ ಆದೇಶಗಳು ಕಡ್ಡಾಯವಾಗುವ ಮಿತಿ 100ರಿಂದ 300ಕ್ಕೂ ಏರಿವೆ. ಇನ್‌ಸ್ಪೆಕ್ಟರ್ ಈಗ ಬರಿ ಇನ್‌ಸ್ಪೆಕ್ಟರ್ ಅಲ್ಲ, ಮಾಲೀಕರಿಗೆ ದಾರಿ ಹೇಳಿಕೊಡುವವನೂ ಹೌದು. ಹೊರಗಿನ ಕಣ್ಣು ಮೆತ್ತಗಾದಾಗ ಒಳಗಿನ ಕಣ್ಣು ತೆರೆದಿರಬೇಕಲ್ಲವೇ? ಆ ಒಳಗಿನ ಕಣ್ಣು ನೀವು.

ನಮ್ಮ ಕಲಬುರಗಿಗೆ ಇದು ಬರಿಯ ತತ್ತ್ವದ ಮಾತಲ್ಲ. 2023ರ ಮಾರ್ಚಿನಲ್ಲಿ ಕೇಂದ್ರ ಸರಕಾರವು ಪಿ.ಎಂ. ಮಿತ್ರ ಯೋಜನೆಯ ಏಳು ಬೃಹತ್ ಜವಳಿ ಪಾರ್ಕುಗಳಲ್ಲಿ ಒಂದನ್ನು ಕಲಬುರಗಿಗೆ ಘೋಷಿಸಿತು. ಒಂದೊಂದು ಪಾರ್ಕಿನಿಂದ ಒಂದು ಲಕ್ಷ ನೇರ ಉದ್ಯೋಗದ ನಿರೀಕ್ಷೆಯಿದೆ ಎಂಬುದು ಸರಕಾರದ ಮಾತು. ಅದರಲ್ಲಿ ಕಾಲುಭಾಗ ನಿಜವಾದರೂ ಕಮಲಾಪುರ, ಮಹಾಗಾಂವ, ಆಳಂದ, ಚಿತ್ತಾಪುರದ ಸಾವಿರಾರು ಹೆಣ್ಣುಮಕ್ಕಳು ಹೊಲಿಗೆ ಯಂತ್ರದ ಮುಂದೆ ಕುಳಿತುಕೊಳ್ಳುತ್ತಾರೆ. ಬೆಂಗಳೂರಿನ ಉಡುಪು ಕಾರ್ಖಾನೆಗಳ 417 ರೂಪಾಯಿಯ ಕಥೆ ಇಲ್ಲಿ ಮರುಕಳಿಸಬೇಕೇ, ಬೇಡವೇ ಎಂಬುದನ್ನು ಆ ಕಾರ್ಖಾನೆಗಳ ಮೊದಲ ಎಚ್.ಆರ್. ಅಧಿಕಾರಿಗಳೇ ತೀರ್ಮಾನಿಸುತ್ತಾರೆ. ಅವರಲ್ಲಿ ಕೆಲವರಾದರೂ ನನ್ನ ವಿದ್ಯಾರ್ಥಿಗಳೋ, ನನ್ನ ವಿದ್ಯಾರ್ಥಿಗಳ ಮಕ್ಕಳೋ ಆಗಿರುತ್ತಾರೆ.

ಅಂಥವರಿಗೆ ನನ್ನ ಬೇಡಿಕೆಗಳು ನಾಲ್ಕೇ. ಒಂದು, ಏಜೆನ್ಸಿಯ ಬಿಲ್ಲಿಗೆ ಸಹಿ ಹಾಕುವ ಮೊದಲು ಹಿಂದಿನ ತಿಂಗಳ ಭವಿಷ್ಯ ನಿಧಿ ಮತ್ತು ಇ.ಎಸ್.ಐ. ಚಲನುಗಳನ್ನು ಹೆಸರು ಹೆಸರಾಗಿ ತಾಳೆ ನೋಡಿ. ಸೇಡಂ ರಸ್ತೆಯಲ್ಲಿ ಅಷ್ಟು ದೊಡ್ಡ ಇ.ಎಸ್.ಐ. ಆಸ್ಪತ್ರೆ ನಿಂತಿದೆ, ಅದರ ಮುಂದೆಯೇ ಹಾದುಹೋಗುವ ಎಷ್ಟೋ ಕೆಲಸಗಾರರಿಗೆ ಒಳಗೆ ಹೋಗಲು ಕಾರ್ಡಿಲ್ಲ. ಎರಡು, ನೇಮಕ ಪತ್ರವನ್ನೂ ಸಂಬಳದ ಚೀಟಿಯನ್ನೂ ಕನ್ನಡದಲ್ಲಿ ಕೊಡಿ, ಓದಲು ಬಾರದವರಿಗೆ ಓದಿ ಹೇಳಿ. ಮೂರು, 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯ ಪ್ರಕಾರ 10 ಜನರಿರುವಲ್ಲಿ ಇರಬೇಕಾದ ಆಂತರಿಕ ಸಮಿತಿ ಗೋಡೆಯ ಮೇಲಿನ ಫಲಕದಲ್ಲಿ ಮಾತ್ರ ಇರದಂತೆ ನೋಡಿಕೊಳ್ಳಿ. ಏಜೆನ್ಸಿಯ ಮೂಲಕ ಬಂದ ಹೆಣ್ಣುಮಗಳೂ ಆ ಕಾಯಿದೆಯ ದೃಷ್ಟಿಯಲ್ಲಿ ನಿಮ್ಮ ಉದ್ಯೋಗಿಯೇ. ಅಲ್ಲಿ "ರೋಲ್ ಮೇಲೆ ಇಲ್ಲ" ಎಂಬ ಮಾತು ನಡೆಯುವುದಿಲ್ಲ. ನಾಲ್ಕು, ಕಾನೂನು ಮುರಿಯುವ ಆದೇಶ ಮೇಲಿನಿಂದ ಬಂದರೆ ಅದನ್ನು ಲಿಖಿತವಾಗಿ ಕೇಳಿ, ನಿಮ್ಮ ಅಭಿಪ್ರಾಯವನ್ನೂ ಲಿಖಿತವಾಗಿ ಕೊಡಿ.

ಎಚ್.ಆರ್. ಅಲ್ಲದ ಬಂಧುಗಳಿಗೂ ಒಂದು ಮಾತು. ನಿಮ್ಮ ಮಗ ಅಥವಾ ಮಗಳು ಕೆಲಸಕ್ಕೆ ಸೇರಿದಾಗ "ಪಗಾರ ಎಷ್ಟು" ಎಂದು ಮಾತ್ರ ಕೇಳಬೇಡಿ. ನೇಮಕ ಪತ್ರ ಕೊಟ್ಟಿದ್ದಾರೆಯೇ, ಅದರಲ್ಲಿ ಮಾಲೀಕನ ಹೆಸರು ಯಾರದ್ದಿದೆ, ಪಿ.ಎಫ್. ಪಾಸ್‌ಬುಕ್ಕನ್ನು ಮೊಬೈಲಿನಲ್ಲಿ ನೋಡಿದ್ದೀಯಾ ಎಂದೂ ಕೇಳಿ. ಸಂಬಳದ ಚೀಟಿಗಳನ್ನು ಜೋಪಾನವಾಗಿಡಲು ಹೇಳಿ.

ಹನ್ನೆರಡನೆಯ ಶತಮಾನದಲ್ಲಿ ನಮ್ಮ ಪಕ್ಕದ ಕಲ್ಯಾಣದಲ್ಲಿ ಶರಣರು ದುಡಿಮೆಗೆ ಕಾಯಕವೆಂಬ ಘನತೆಯ ಹೆಸರು ಕೊಟ್ಟರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಅದನ್ನು ಮರಳಿ ಸುರಿದು ಬರುವಂತೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಿಮಗೆಲ್ಲ ತರಗತಿಯಲ್ಲಿ ಹೇಳಿದ್ದೇನೆ. ತನಗೆ ಸಲ್ಲದ್ದನ್ನು ಇಟ್ಟುಕೊಳ್ಳಬಾರದೆಂಬ ಆ ನಿಷ್ಠೆ ದುಡಿಯುವವರಿಗಷ್ಟೇ ಅಲ್ಲ, ದುಡಿಸಿಕೊಳ್ಳುವವರಿಗೂ ಅನ್ವಯಿಸುತ್ತದೆ. ಕೆಲಸಗಾರನಿಗೆ ಸಲ್ಲಬೇಕಾದ ಹದಿನಾಲ್ಕು ತಿಂಗಳ ವಂತಿಗೆಯನ್ನು ತಮ್ಮ ಬಳಿ ಇಟ್ಟುಕೊಂಡವರಿಗೆ ಅದನ್ನು ಮರಳಿ ಸುರಿದು ಬನ್ನಿ ಎಂದು ಹೇಳುವವರು ಸಂಸ್ಥೆಯೊಳಗೆ ಒಬ್ಬರಾದರೂ ಇರಬೇಕು. ಕಾನೂನು ಆ ಕೆಲಸಕ್ಕೆಂದೇ ನಿಮ್ಮ ಹುದ್ದೆಯನ್ನು ಸೃಷ್ಟಿಸಿತು. ಆ ಕೆಲಸ ಮಾಡಿ.